ದಡದ ಬಟ್ಟೆ ಒಣಗಿರಲಿ

ಅಮೆರಿಕದ ಕಾಲೇಜುಗಳ ಸೇಲಿಂಗ್ ತಂಡಗಳಿಗೆ ಹೊಸದಾಗಿ ಸೇರಿರುವ ಕನ್ನಡದ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಂಗಿಯರೇ, ತಮ್ಮಂದಿರೇ,

ಇನ್ನು ಕೆಲವೇ ವಾರಗಳಲ್ಲಿ ವಸಂತದ ಸೀಸನ್ ಶುರುವಾಗುತ್ತದೆ. ಯಾವುದೋ ಒಂದು ಶುಕ್ರವಾರ ಕೊನೆಯ ಕ್ಲಾಸು ಮುಗಿಸಿಕೊಂಡು ಓಡೋಡಿ ಬಂದು ತಂಡದ ವ್ಯಾನು ಹತ್ತುತ್ತೀರಿ. ನಾಲ್ಕೈದು ಗಂಟೆಯ ಹಾದಿ. ರಾತ್ರಿ ಕಾಣದ ಊರಿನ ಹೋಟೆಲಿನಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಿ, ಶನಿವಾರ ಕತ್ತಲಿರುವಾಗಲೇ ಎದ್ದು, ಎಂದೂ ನೋಡದ ನೀರಿನ ಮುಂದೆ ನಿಲ್ಲುತ್ತೀರಿ. ಅದಕ್ಕೂ ಹಿಂದಿನ ಗುರುವಾರ ರಾತ್ರಿ ನಿಮ್ಮ ಹಾಸ್ಟೆಲ್ ಕೋಣೆಯಲ್ಲಿ ಖಾಲಿ ಚೀಲವೊಂದು ಬಾಯಿ ತೆರೆದು ಕೂತಿರುತ್ತದಲ್ಲ, ಆ ಹೊತ್ತಿಗಾಗಿ ಈ ಪತ್ರ.

ನಾನು ಗಂಗೊಳ್ಳಿಯವಳು. ಐದು ಹೊಳೆಗಳು ಕೂಡಿ ಕಡಲು ಸೇರುವ ಊರು. ಬಂದರಿನ ಬೋಟುಗಳ ಇಂಜಿನ್ ಸದ್ದು ಕೇಳುತ್ತಲೇ ಬೆಳೆದವಳು. ಆದರೂ ಹಾಯಿ ಕಟ್ಟಿದ ದೋಣಿಯಲ್ಲಿ ಕಾಲಿಟ್ಟದ್ದು ಹದಿನೆಂಟು ತುಂಬಿದ ಮೇಲೆ, ನ್ಯೂ ಇಂಗ್ಲೆಂಡಿನ ಒಂದು ಕಾಲೇಜಿಗೆ ಓದಲು ಬಂದಾಗ. ನಿಮ್ಮಲ್ಲಿ ಹಲವರು ನನ್ನ ಹಾಗೆಯೇ ಎಂದು ಬಲ್ಲೆ. ಕೆಲವರು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಹುಟ್ಟಿದವರು, ಕೆಲವರು ಬೆಂಗಳೂರು, ಮೈಸೂರಿನಿಂದ ನೇರ ಬಂದವರು. ನಿಮ್ಮ ತಂಡದಲ್ಲಿ ಏಳೆಂಟು ವರ್ಷದ ವಯಸ್ಸಿನಿಂದಲೇ ದೋಣಿ ಓಡಿಸಿದವರು ಇರುತ್ತಾರೆ. ಅವರಿಗೆ ಚೀಲ ಕಟ್ಟುವುದನ್ನು ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ನಮಗೆ ಕಲಿಸುವವರು ಮನೆಯಲ್ಲಿ ಇರಲಿಲ್ಲ. ಕೋಚ್ ಪಟ್ಟಿ ಕೊಡುತ್ತಾರೆ ನಿಜ. ಆ ಪಟ್ಟಿಯಲ್ಲಿ ವಸ್ತುಗಳ ಹೆಸರು ಇರುತ್ತದೆ, ಯಾವುದು ಯಾಕೆ ಎಂಬುದು ಇರುವುದಿಲ್ಲ.

ಯಾಕೆ ಎಂಬುದನ್ನು ನಾನು ಕಲಿತದ್ದು ನನ್ನ ಮೊದಲ ಹೊರಊರಿನ ರೆಗಟ್ಟಾದಲ್ಲಿ. ಮಾರ್ಚ್ ಕೊನೆ, ಕನೆಕ್ಟಿಕಟ್‌ನ ಒಂದು ಕಾಲೇಜು. ನನ್ನ ಚೀಲದಲ್ಲಿ ಎರಡು ಜೀನ್ಸ್, ನಾಲ್ಕು ಕಾಟನ್ ಅಂಗಿ, ಸೋಮವಾರದ ಪರೀಕ್ಷೆಯ ದಪ್ಪ ಪುಸ್ತಕ, ಅಮ್ಮ ಕಳಿಸಿದ ಕೋಡುಬಳೆಯ ಡಬ್ಬಿ ಇದ್ದವು. ಒಂದು ಉಣ್ಣೆಯ ಟೋಪಿ ಇರಲಿಲ್ಲ. ತಂಡದಿಂದ ಎರವಲು ಪಡೆದ ಡ್ರೈಸೂಟಿನ ಒಳಗೆ ಹತ್ತಿಯ ಟೀ ಶರ್ಟು, ಹತ್ತಿಯ ಪ್ಯಾಂಟು ಹಾಕಿಕೊಂಡಿದ್ದೆ. ಜಿಪ್ಪನ್ನು ಕೊನೆಯವರೆಗೆ ಎಳೆದಿರಲಿಲ್ಲ, ಎರಡು ಬೆರಳಿನಷ್ಟು ಬಾಯಿ ಉಳಿದಿತ್ತು. ಎರಡನೇ ರೇಸಿನಲ್ಲಿ ದೋಣಿ ಮಗುಚಿತು. ಆ ಎರಡು ಬೆರಳಿನ ಸಂದಿಯಿಂದ ನೀರು ಒಳಗೆ ನುಗ್ಗಿ ಬೆನ್ನಿನುದ್ದಕ್ಕೂ ಇಳಿಯಿತು.

ದಕ್ಕೆಗೆ ಬಂದ ಮೇಲೆ ಇನ್ನೊಂದು ಜೋಡಿಯ ಸರದಿ. ಮುಕ್ಕಾಲು ಗಂಟೆ ದಡದಲ್ಲಿ ಕಾಯಬೇಕು. ಬದಲಾಯಿಸಲು ಇದ್ದದ್ದು ಜೀನ್ಸ್ ಮಾತ್ರ, ಅದೂ ಹೋಟೆಲಿನಲ್ಲಿ. ಹಾಗೇ ನಡುಗುತ್ತ ನಿಂತೆ. ಮತ್ತೆ ದೋಣಿ ಹತ್ತಿದಾಗ ಮುಂದಿನ ಹಾಯಿಯ ಹಗ್ಗ ಕೈಯಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ಸ್ಟಾರ್ಟಿನ ಹಾರ್ನ್ ಆಯಿತು. ಹಗ್ಗ ನನ್ನ ಮುಷ್ಟಿಯಿಂದ ಜಾರಿತು, ಹಾಯಿ ಪಟಪಟ ಬಡಿದುಕೊಂಡಿತು, ಉಳಿದ ದೋಣಿಗಳೆಲ್ಲ ನಮ್ಮನ್ನು ದಾಟಿಹೋದವು.

ಚುಕ್ಕಾಣಿ ಹಿಡಿದಿದ್ದ ನನ್ನ ಸ್ಕಿಪ್ಪರ್ ಒಂದು ಮಾತೂ ಆಡಲಿಲ್ಲ. ಆ ರೇಸು ಮುಗಿದ ಕೂಡಲೇ ತನ್ನ ತಲೆಯ ಟೋಪಿ ತೆಗೆದು, ನನ್ನ ಒದ್ದೆ ಕೂದಲಿನ ಮೇಲಿಂದ ಕಿವಿ ಮುಚ್ಚುವ ತನಕ ಎಳೆದಳು. ಟೋಪಿ ಬಿಸಿ ಇತ್ತು. ಅವಳ ತಲೆಯಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಮುಂದಿನ ರೇಸನ್ನು ಅವಳು ಬರಿದಲೆಯಲ್ಲೇ ಓಡಿಸಿದಳು. ನನ್ನ ಚೀಲದ ತಪ್ಪನ್ನು ಅವಳ ತಲೆ ಅನುಭವಿಸಿತು. ನಾನು ನಿಮಗೆ ಹೇಳಬೇಕೆಂದಿರುವ ಮಾತೆಲ್ಲ ಹುಟ್ಟಿದ್ದು ಆ ಟೋಪಿಯಿಂದ.

ನಮ್ಮ ಆಟದ ಒಂದು ವಿಶೇಷವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಕಾಲೇಜು ಸೇಲಿಂಗಿನಲ್ಲಿ ದೋಣಿ ನಮ್ಮದಲ್ಲ. ಕ್ರಿಕೆಟಿಗ ತನ್ನ ಬ್ಯಾಟು ಒಯ್ಯುತ್ತಾನೆ, ಸೈಕಲ್ ಸವಾರ ತನ್ನ ಸೈಕಲ್ಲು. ನಾವು ಬರಿಗೈಯಲ್ಲಿ ಹೋಗುತ್ತೇವೆ. ಆತಿಥೇಯ ಕಾಲೇಜು ಒಂದೇ ಬಗೆಯ ದೋಣಿಗಳನ್ನು ಸಾಲಾಗಿ ನಿಲ್ಲಿಸಿರುತ್ತದೆ. ಹೆಚ್ಚಿನ ಕಡೆ ಅವು ಎಫ್‌ಜೆ, ಇಲ್ಲವೇ ಹೆಸರೇ ಹೇಳುವಂತೆ 420 ಸೆಂಟಿಮೀಟರ್ ಉದ್ದದ 420 ದೋಣಿಗಳು. ಇಬ್ಬರು ಕೂರುವಂಥವು. ಎ ವಿಭಾಗದ ಜೋಡಿ ಒಂದೆರಡು ರೇಸು ಮುಗಿಸಿ ದಕ್ಕೆಗೆ ಬಂದರೆ ಬಿ ವಿಭಾಗದ ಜೋಡಿ ಇಳಿಯುತ್ತದೆ. ಸರದಿಯಂತೆ ದೋಣಿಗಳೂ ಬದಲಾಗುತ್ತ ಹೋಗುತ್ತವೆ. ಒಳ್ಳೆಯ ದೋಣಿ ಒಬ್ಬರ ಪಾಲಿಗೇ ಉಳಿಯಬಾರದು, ಗೆಲುವು ಮನುಷ್ಯರ ಕೈಯದ್ದೇ ಆಗಿರಬೇಕು ಎಂಬುದು ಅದರ ಹಿಂದಿನ ನ್ಯಾಯ.

ಈ ಪದ್ಧತಿ ಇಂದಿನದಲ್ಲ. ಕಾಲೇಜುಗಳ ನಡುವಿನ ಸೇಲಿಂಗ್ ಸಂಘಟನೆ ಶುರುವಾದದ್ದು 1930ರಲ್ಲಿ. ಅದೇ ದಶಕದಲ್ಲಿ ಬೋಸ್ಟನ್ ಎದುರಿನ ದಂಡೆಯಲ್ಲಿ, ಚಾರ್ಲ್ಸ್ ನದಿಯ ಮೇಲೆ ಎಂಐಟಿ ತನ್ನ ವಿದ್ಯಾರ್ಥಿಗಳಿಗಾಗಿ ಪುಟ್ಟ ದೋಣಿಗಳ ದೊಡ್ಡ ಹಿಂಡನ್ನೇ ಕಟ್ಟಿಸಿತು. ಆ ಟೆಕ್ ಡಿಂಗಿಯನ್ನು ವಿನ್ಯಾಸ ಮಾಡಿದವರು ಅಲ್ಲಿನ ಪ್ರಾಧ್ಯಾಪಕ ಜಾರ್ಜ್ ಓವೆನ್. ದೋಣಿ ಇಲ್ಲದ ಕಾಲೇಜಿನವರೂ ಬಂದು ಅವೇ ದೋಣಿಗಳಲ್ಲಿ ಸೆಣಸಬಹುದಾಯಿತು. ಗಂಗೊಳ್ಳಿಯ ಮೀನುಗಾರರ ಮನೆಯ ಹುಡುಗಿ ಇಂಥ ಆಟಕ್ಕೆ ಇಳಿಯಲು ಸಾಧ್ಯವಾದದ್ದೂ ಈ ಹಂಚಿಕೊಳ್ಳುವ ಪದ್ಧತಿಯಿಂದಲೇ. ನನಗೆ ಅದರ ಮೇಲೆ ಅಪಾರ ಗೌರವ.

ಈಗ ಲೆಕ್ಕ ಹಾಕಿ. ದೋಣಿ ಅವರದು, ಹಾಯಿ ಅವರದು, ನೀರು ಅವರಿಗೆ ಪರಿಚಿತ, ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. ನಿಮ್ಮ ಊರಿನಿಂದ ನೀವು ತರಬಹುದಾದದ್ದು ನಿಮ್ಮ ಮೈ, ಆ ಮೈಯನ್ನು ಬೆಚ್ಚಗಿಡುವ ಒಂದು ಚೀಲ, ಅಷ್ಟೇ. ಸ್ವಂತ ದೋಣಿ ಇರುವವರು ಅದನ್ನು ಉಜ್ಜಿ ಸಜ್ಜುಗೊಳಿಸುವಷ್ಟು ಶ್ರದ್ಧೆಯಿಂದ ನಾವು ಚೀಲವನ್ನು ಸಜ್ಜುಗೊಳಿಸಬೇಕು.

ಚಳಿಯನ್ನು ಸಹಿಸಿಕೊಂಡರಾಯಿತು ಎಂದುಕೊಳ್ಳಬೇಡಿ. ಮೈಯ ಬಿಸಿಯನ್ನು ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಎಳೆದೊಯ್ಯುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ತಣ್ಣೀರಿನ ಪರಿಣಾಮವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ನೆನಪಿಟ್ಟುಕೊಳ್ಳಲು ಒಂದು ಸೂತ್ರ ಹೇಳಿದ್ದಾರೆ: 1-10-1. ಕೊರೆಯುವ ನೀರಿಗೆ ಬಿದ್ದ ಮೇಲೆ ಏದುಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ನಿಮ್ಮ ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವ ಮೊದಲು ಸುಮಾರು 1 ಗಂಟೆ. ನಡುವಿನ ಆ 10 ನಿಮಿಷವನ್ನು ಗಮನಿಸಿ. ಜೀವಕ್ಕೆ ಅಪಾಯ ಬರುವುದಕ್ಕೆ ಬಹಳ ಮೊದಲೇ ಬೆರಳು ಸೋಲುತ್ತದೆ. ಮುಂದಿನ ಹಾಯಿಯ ಹಗ್ಗ ಹಿಡಿಯುವ ಕ್ರ್ಯೂ ಆದವಳಿಗೆ ಬೆರಳೇ ಬಂಡವಾಳ.

ಚೀಲ ಕಟ್ಟುವ ಸರಿಯಾದ ಪಾಠ ನನಗೆ ಕೊನೆಗೂ ಸಿಕ್ಕಿದ್ದು ಮನೆಯಿಂದಲೇ. ಆ ರೆಗಟ್ಟಾದ ನಂತರ ಒಂದು ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಿದ್ದಾಗ ದೊಡ್ಡಪ್ಪನ ಡಬ್ಬಿ ನೆನಪಾಯಿತು. ಅವರು ಪರ್ಸೀನ್ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುತ್ತಿದ್ದರು. ಬೋಟಿನ ಮೂಲೆಯಲ್ಲಿ ತಿರುಗಿಸುವ ಮುಚ್ಚಳದ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಸದಾ ಇರುತ್ತಿತ್ತು. ಒಳಗೆ ಒಂದು ಲುಂಗಿ, ಒಂದು ಬನಿಯನ್, ಒಂದು ಬೈರಾಸು. ಮಳೆ ಬರಲಿ, ತೆರೆ ಹಾರಿ ಮೈಯೆಲ್ಲ ತೊಯ್ಯಲಿ, ಅದನ್ನು ಬಿಚ್ಚುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಮುಚ್ಚಳ ತಿರುಗಿಸಲು ಹೋದೆ. ದೊಡ್ಡಪ್ಪ ಗದರಲಿಲ್ಲ, ಕೈ ಹಿಡಿದು ಸರಿಸಿದರು. "ಅದ್ ದಡದ್ ಬಟ್ಟಿ ಹೆಣೆ, ಈಗ ಮುಟ್ಟುಕಾಗ" ಎಂದರು. ಬೋಟು ದಕ್ಕೆಗೆ ತಾಗಿ ಮೀನು ಇಳಿಸಿ ಮುಗಿದ ಮೇಲೆಯೇ ಅದರ ಮುಚ್ಚಳ ತೆರೆಯುವುದು.

ಅಂದಿನಿಂದ ನನ್ನದು ಎರಡು ಚೀಲ. ಒಂದು ನೀರಿನದು, ಒಂದು ದಡದ್ದು. ನೀವೂ ಹೀಗೆಯೇ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ನೀರಿನ ಚೀಲದ ಮಾತು ಮೊದಲು. ಚಳಿಗಾಲಕ್ಕೆ ಹತ್ತಿದ ತಿಂಗಳುಗಳಲ್ಲಿ ಡ್ರೈಸೂಟು ಬೇಕೇಬೇಕು. ಆದರೆ ಅದು ನೀರನ್ನು ತಡೆಯುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಬಿಸಿ ಬರುವುದು ಒಳಗಿನ ಪದರಗಳಿಂದ. ಮೈಗೆ ತಾಗಿ ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್. ಹತ್ತಿ ಬೇಡ. ನಮ್ಮ ನಾಡಿನ ಬೇಸಿಗೆಗೆ ಹತ್ತಿಯಷ್ಟು ಹಿತವಾದ ಬಟ್ಟೆ ಇಲ್ಲ, ಏಕೆಂದರೆ ಅದು ಬೆವರನ್ನು ಹೀರಿ ಮೈಯನ್ನು ತಂಪಾಗಿಸುತ್ತದೆ. ಇಲ್ಲಿ ಅದೇ ಗುಣ ಶತ್ರು. ನೀರಿಗೆ ಬೀಳದಿದ್ದರೂ ಬೆವರಿನಿಂದಲೇ ಅದು ನೆನೆದು ತಣ್ಣಗೆ ಅಂಟಿಕೊಳ್ಳುತ್ತದೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಹೇರಿಕೊಳ್ಳುವ ಹಾಗೂ ಇಲ್ಲ. ರೇಸಿಂಗ್ ನಿಯಮ 50ರ ಪ್ರಕಾರ ಒಬ್ಬರು ಧರಿಸುವ ಬಟ್ಟೆ ಮತ್ತು ಸಾಮಗ್ರಿ 8 ಕಿಲೋ ಮೀರಬಾರದು. ಪರೀಕ್ಷಿಸಬೇಕಾಗಿ ಬಂದರೆ ಅವನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಒಂದು ನಿಮಿಷ ಸೋರಲು ಬಿಟ್ಟು, ಆಮೇಲೆ ತೂಗುತ್ತಾರೆ. ನೀವೂ ಚೀಲ ಕಟ್ಟುವಾಗ ಪ್ರತಿ ಬಟ್ಟೆಯನ್ನೂ ಹೀಗೇ ಕೇಳಿ: ಒಣಗಿದ್ದಾಗ ನೀನು ಎಷ್ಟು ಹಗುರ ಎಂಬುದು ಬೇಡ, ಒದ್ದೆಯಾದಾಗ ಏನಾಗುತ್ತೀ ಹೇಳು. ಆ ಒಂದು ಪ್ರಶ್ನೆಗೆ ಅರ್ಧ ಬಟ್ಟೆಗಳು ಕಪಾಟಿಗೆ ಮರಳುತ್ತವೆ.

ಡ್ರೈಸೂಟನ್ನು ಗುರುವಾರವೇ ಬಿಡಿಸಿ ನೋಡಿ. ಕುತ್ತಿಗೆ, ಮುಂಗೈಯಲ್ಲಿರುವ ರಬ್ಬರ್ ಪಟ್ಟಿ ಸೀಳಿದೆಯೇ? ಜಿಪ್ಪಿಗೆ ಮೇಣ ಹಚ್ಚಿ, ಕೊನೆಯ ಹಲ್ಲಿನವರೆಗೆ ಎಳೆದು ತೆರೆದು ಮತ್ತೆ ಎಳೆಯಿರಿ. ಶನಿವಾರ ಬೆಳಗ್ಗೆ ನಿಮ್ಮ ಜಿಪ್ಪನ್ನು ಜೋಡಿಯವರು ಕೈಯಿಂದ ಮುಟ್ಟಿ ನೋಡಲಿ, ಅವರದನ್ನು ನೀವು. ನನ್ನ ಎರಡು ಬೆರಳಿನ ಸಂದಿಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ, ನಾನೂ ತೋರಿಸಿರಲಿಲ್ಲ.

ಉಳಿದವು: ಅಳತೆಗೆ ಸರಿಯಾದ ಲೈಫ್ ಜಾಕೆಟ್, ಒಳಗೆ ನಿಮ್ಮ ಹೆಸರು ಬರೆದದ್ದು, ನಿಯೋಪ್ರೀನ್ ಬೂಟು, ಎರಡು ಜೊತೆ ಕೈಗವಸು, ಕನ್ನಡಕವಿದ್ದರೆ ಅದನ್ನು ತಲೆಗೆ ಬಿಗಿಯುವ ಪಟ್ಟಿ. ಕೈಗಡಿಯಾರ ಮರೆಯಲೇಬೇಡಿ. ನಮ್ಮ ಸ್ಟಾರ್ಟು 3 ನಿಮಿಷದ ಎಣಿಕೆಯದು. ಸ್ಕಿಪ್ಪರ್ ಕಣ್ಣು ಹಾಯಿಯ ಮೇಲೆ, ಪಕ್ಕದ ದೋಣಿಗಳ ಮೇಲೆ ಇರುವಾಗ ಉಳಿದ ಸೆಕೆಂಡುಗಳನ್ನು ಕೂಗಿ ಹೇಳುವುದು ಕ್ರ್ಯೂ ಕೆಲಸ. ಸಣ್ಣ ಜಿಪ್ ಕವರಿನಲ್ಲಿ ಒಂದು ಸುರುಳಿ ಎಲೆಕ್ಟ್ರಿಕಲ್ ಟೇಪು, ಎರಡು ಮೂರು ಅಡಿ ತೆಳು ಹಗ್ಗ, ಪುಟ್ಟ ಚಾಕು ಇರಲಿ. ನಮ್ಮದಲ್ಲದ ದೋಣಿಯಲ್ಲಿ ಎಲ್ಲಿ ಯಾವ ಪಿನ್ನು ಸಡಿಲವಿದೆ ಎಂದು ಹತ್ತುವ ತನಕ ತಿಳಿಯದು. ಟೇಪು ಸುತ್ತಿದರೆ ರೇಸು ಉಳಿಯುತ್ತದೆ.

ಹುಡುಗಿಯರಿಗೆ ಒಂದೆರಡು ಮಾತು, ಅಕ್ಕನಾಗಿ. ಬಳೆ, ಉಂಗುರ, ಕಿವಿಯ ಜುಮಕಿ, ಕತ್ತಿನ ಸರ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಬರಿಗೈಯಲ್ಲಿ ಇರಬಾರದು ಎಂದು ಅಮ್ಮ ಹೇಳಿರುತ್ತಾರೆ. ನನ್ನಮ್ಮನೂ ಹೇಳಿದ್ದರು. ಬಿಗಿಯಾಗಿ ಎಳೆದ ಹಗ್ಗಕ್ಕೆ ಉಂಗುರ ಸಿಕ್ಕಿಕೊಂಡರೆ ಬೆರಳೇ ಹೋಗಬಹುದು ಎಂದು ವಿವರಿಸಿದ ಮೇಲೆ ಅವರೇ ಬಿಚ್ಚಿಸಿದರು. ಉದ್ದ ಕೂದಲನ್ನು ಬಿಗಿಯಾಗಿ ಜಡೆ ಹೆಣೆದು ಜಾಕೆಟ್ಟಿನ ಒಳಗೆ ಇಳಿಬಿಡಿ. ಮುಟ್ಟಿನ ದಿನಗಳ ಸಾಮಾನು ದಿನ ಲೆಕ್ಕ ಹಾಕದೆ ಪ್ರತಿ ಸಲವೂ ಚೀಲದಲ್ಲಿರಲಿ. ನಿಮಗಲ್ಲದಿದ್ದರೆ ಇನ್ನೊಬ್ಬಳಿಗೆ ಬೇಕಾಗುತ್ತದೆ.

ಇನ್ನು ದಡದ ಚೀಲ. ಇದು ನೀರು ಒಳನುಗ್ಗದಂಥದ್ದಾಗಿರಬೇಕು. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಡ್ರೈಬ್ಯಾಗ್ ಇದ್ದರೆ ಸರಿ, ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ ಕವರಿಗೆ ಬಿಗಿ ಗಂಟು ಸಾಕು. ಒಳಗೆ ಒಂದು ಪೂರ್ತಿ ಜೊತೆ ಒಣ ಬಟ್ಟೆ, ಒಳ ಉಡುಪು, ಎರಡು ಜೊತೆ ಉಣ್ಣೆ ಕಾಲುಚೀಲ, ಟವೆಲ್ಲು. ಇದು ದಿನದ ಕೊನೆಯ ರೇಸಿನ ನಂತರದ್ದು. ಬೆಳಗ್ಗೆ ತುಸು ಚಳಿ ಎಂದು ಇದಕ್ಕೆ ಕೈ ಹಾಕಿದರೆ ಸಂಜೆ ನಿಮ್ಮ ಪಾಲಿಗೆ ಏನೂ ಉಳಿಯುವುದಿಲ್ಲ.

ಸರದಿಯ ನಡುವೆ ಕಾಯುವ ಹೊತ್ತಿಗೆ ಬೇರೆ ವ್ಯವಸ್ಥೆ: ಒದ್ದೆ ಸೂಟಿನ ಮೇಲೇ ಹಾಕಿಕೊಳ್ಳಬಹುದಾದ ಒಂದು ದೊಡ್ಡ ದೊಗಲೆ ಜಾಕೆಟ್, ಒಂದು ಟೋಪಿ, ಬಿಸಿಯ ಫ್ಲಾಸ್ಕು. ಚಳಿ ನಮ್ಮನ್ನು ಹಿಡಿಯುವುದು ನೀರಿನ ಮೇಲೆ ಕಡಿಮೆ, ಈ ಕಾಯುವ ಹೊತ್ತಿನಲ್ಲಿ ಹೆಚ್ಚು. ಬದಲಿ ಆಟಗಾರರಾಗಿ ಹೋದವರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಗಾಳಿ ಜೋರಾದರೆ ತೂಕದ ಕ್ರ್ಯೂ ಬೇಕಾಗುತ್ತದೆ, ಇಳಿದರೆ ಹಗುರದವರು. ಮಧ್ಯಾಹ್ನದ ತನಕ ನಿಮ್ಮ ಹೆಸರು ಬರದೆಯೂ ಇರಬಹುದು, ಮರುಗಳಿಗೆಯಲ್ಲೇ ದಕ್ಕೆಯಿಂದ ಕರೆಯಲೂಬಹುದು. ಆಗ ನೀವು ಬೆಚ್ಚಗಿದ್ದು, ಸಿದ್ಧವಾಗಿರಬೇಕು.

ತಿನ್ನಲು ಏನು? ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಸ್ಯಾಹಾರಿಗೆ ಸಿಗುವುದು ಚಿಪ್ಸು, ಬಾಳೆಹಣ್ಣು. ಶೇಂಗಾ ಚಿಕ್ಕಿಯಷ್ಟು ಒಳ್ಳೆಯದು ನಾನು ಕಂಡಿಲ್ಲ. ಬೆಲ್ಲ ತಕ್ಷಣಕ್ಕೆ, ಶೇಂಗಾ ಹೊತ್ತು ನಿಲ್ಲಲು. ಕೈಗವಸು ಬಿಚ್ಚದೆ ತಿನ್ನುವ ಹಾಗೆ ಮೊದಲೇ ತುಂಡು ಮಾಡಿ ಸಣ್ಣ ಕವರಿಗೆ ಹಾಕಿಡಿ. ಒಗ್ಗರಣೆ ಹಾಕಿದ ಒಣ ಅವಲಕ್ಕಿ ವ್ಯಾನಿಗೆ, ಶುಂಠಿ-ಕೊತ್ತಂಬರಿ ಕಷಾಯ ಫ್ಲಾಸ್ಕಿಗೆ. ಕಷಾಯವನ್ನು ಮೂರು ಜನರಿಗೆ ಆಗುವಷ್ಟು ಮಾಡಿ. ಮೊದಲ ಸಲ ವಾಸನೆ ನೋಡಿ ಹಿಂದೆ ಸರಿದ ನನ್ನ ತಂಡದವರು ಮೂರನೇ ರೆಗಟ್ಟಾ ಹೊತ್ತಿಗೆ ಲೋಟ ಹಿಡಿದು ಕಾಯುತ್ತಿದ್ದರು.

ದೇಶದಲ್ಲಿ ನಮ್ಮ ಆಟದ ವಲಯಗಳು ಏಳು. ಎಲ್ಲ ಕಡೆಯ ಹವೆ ಒಂದೇ ಅಲ್ಲ. ಫ್ಲಾರಿಡಾ, ಚಾರ್ಲ್ಸ್‌ಟನ್ ಕಡೆ ಹೋಗುವವರಿಗೆ ಡ್ರೈಸೂಟಿಗಿಂತ ತೆಳುವಾದ ತುಂಬುತೋಳಿನ ಅಂಗಿ, ಅಂಚಿನ ಟೋಪಿ, ಸನ್‌ಸ್ಕ್ರೀನ್, ಎರಡರಷ್ಟು ಕುಡಿಯುವ ನೀರು ಮುಖ್ಯ. ನಮ್ಮ ಕಪ್ಪು ಚರ್ಮಕ್ಕೆ ಬಿಸಿಲು ಏನೂ ಮಾಡದು ಎಂಬ ಮಾತು ನಂಬಬೇಡಿ. ನೀರಿನ ಮೇಲೆ ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಪ್ರತಿಫಲಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಹೋಗುವವರು ಕ್ಯಾಲಿಫೋರ್ನಿಯಾ ಎಂಬ ಹೆಸರು ನೋಡಿ ಮೋಸಹೋಗಬೇಡಿ, ಅಲ್ಲಿನ ನೀರು ಬೇಸಿಗೆಯಲ್ಲೂ ತಣ್ಣಗೆ. ಹೋಗುವ ಊರಿನ ನೀರಿನ ಉಷ್ಣತೆಯನ್ನು ನೋಡಿ ಚೀಲ ಕಟ್ಟಿ, ಗಾಳಿಯ ಉಷ್ಣತೆಯನ್ನು ನೋಡಿ ಕಟ್ಟಬೇಡಿ. ಏಪ್ರಿಲಿನ ಎಳೆಬಿಸಿಲಿನ ದಿನವೂ ನೀರು ಇನ್ನೂ ಫೆಬ್ರವರಿಯಲ್ಲೇ ಇರುತ್ತದೆ.

ಪುಸ್ತಕ ಒಂದೇ ಒಂದು ಇರಲಿ. ವ್ಯಾನಿನಲ್ಲಿ ನಾಲ್ಕು ಪುಸ್ತಕ ಓದಿದವರನ್ನು ನಾನು ಕಂಡಿಲ್ಲ. ಸೋಮವಾರ ಪರೀಕ್ಷೆ ಇದ್ದರೆ ಬೇಕಾದ ಪುಟಗಳನ್ನು ಮಾತ್ರ ಒಯ್ಯಿರಿ.

ಚೀಲ ಕಟ್ಟುವ ಕೆಲಸ ಭಾನುವಾರ ಸಂಜೆ ಇನ್ನೊಮ್ಮೆ ಬರುತ್ತದೆ, ಎಲ್ಲರೂ ಎಡವುವುದು ಅಲ್ಲೇ. ದಣಿದಿರುತ್ತೀರಿ, ಸೋತಿದ್ದರೆ ಮನಸ್ಸು ಭಾರ, ವ್ಯಾನು ಹಾರ್ನ್ ಮಾಡುತ್ತಿರುತ್ತದೆ. ಮೊದಲು ಆತಿಥೇಯರ ದೋಣಿ. ಹಾಯಿ ಇಳಿಸಿ, ನೀಟಾಗಿ ಸುತ್ತಿ, ಹಗ್ಗಗಳನ್ನು ಸುರುಳಿ ಮಾಡಿ ಕೊಡಿ. ಎರಡು ದಿನ ನಿಮ್ಮನ್ನು ಹೊತ್ತ ದೋಣಿಗೆ ಅಷ್ಟು ಋಣ ಇದೆ. ನಂತರ ಒದ್ದೆಯದನ್ನೆಲ್ಲ ಜಾಲರಿ ಚೀಲಕ್ಕೆ ಹಾಕಿ. ಒದ್ದೆಯನ್ನು ಒಣದರ ಜೊತೆ ಬೆರೆಸಬೇಡಿ. ದಕ್ಕೆಯ ಉದ್ದಕ್ಕೂ ಒಂದು ಸಲ ನಡೆದು ಕಣ್ಣಾಡಿಸಿ. ಅಲ್ಲಿ ಒಂಟಿ ಕೈಗವಸು, ನೀರಿನ ಬಾಟಲಿ, ಯಾರದೋ ಗಡಿಯಾರ ಖಂಡಿತ ಸಿಗುತ್ತವೆ. ಊರಿಗೆ ಬಂದ ರಾತ್ರಿ ಎಷ್ಟೇ ತಡವಾಗಿರಲಿ, ಡ್ರೈಸೂಟನ್ನು ಸಿಹಿನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ತೂಗುಹಾಕಿ ಮಲಗಿ. ಉಪ್ಪು ಜಿಪ್ಪನ್ನು ಕಚ್ಚಿ ತಿನ್ನುತ್ತದೆ. ಎರವಲು ಸೂಟಾದರೆ ಇನ್ನೂ ಜೋಪಾನ. ಮುಂದಿನ ವಾರ ಅದನ್ನು ತೊಡುವವರಿಗೆ ನಿಮ್ಮ ಈ ರಾತ್ರಿಯ ಸೋಮಾರಿತನ ಮಂಜಿನಂಥ ನೀರಾಗಿ ಬೆನ್ನಿಗಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಮನೆಯವರು ನಿಮ್ಮ ಚೀಲ ಕಟ್ಟಲು ಬಂದರೆ ಬೇಡ ಎನ್ನಿ, ಪ್ರೀತಿಯಿಂದಲೇ. ಹಿರಿಯ ಆಟಗಾರರ ಚೀಲ ನೋಡಿ ಕಲಿಯಿರಿ, ಆದರೆ ಕಟ್ಟುವುದು ನಿಮ್ಮ ಕೈಯೇ ಆಗಿರಲಿ. ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ತಿಳಿಯಬೇಕು. ಬೆರಳು ಮರಗಟ್ಟಿದಾಗ, ಮುಂದಿನ ಸರದಿಗೆ ಐದೇ ನಿಮಿಷ ಇದ್ದಾಗ, ಹುಡುಕಲು ವ್ಯವಧಾನ ಇರುವುದಿಲ್ಲ.

ನನ್ನ ಸ್ಕಿಪ್ಪರಿನ ಟೋಪಿಯನ್ನು ನಾನು ಮರುವಾರ ತೊಳೆದು ಒಣಗಿಸಿ ಹಿಂತಿರುಗಿಸಿದೆ. ಆಮೇಲಿನ ಮೂರು ವರ್ಷ ನನ್ನ ದಡದ ಚೀಲದಲ್ಲಿ ಸದಾ ಎರಡು ಟೋಪಿ ಇರುತ್ತಿದ್ದವು. ಎರಡನೆಯದು ಬೇಕಾಗದ ರೆಗಟ್ಟಾ ಒಂದೂ ನನಗೆ ನೆನಪಿಲ್ಲ. ಒಮ್ಮೆ ನಮ್ಮವರಿಗೆ, ಒಮ್ಮೆ ಎದುರಾಳಿ ತಂಡದ ಹುಡುಗನಿಗೆ, ಒಮ್ಮೆ ರೇಸು ನಡೆಸುವ ದೋಣಿಯಲ್ಲಿ ಬೆಳಗ್ಗಿನಿಂದ ಕೂತಿದ್ದ ಹಿರಿಯರಿಗೆ. ಕೆಲವು ಮರಳಿ ಬರಲಿಲ್ಲ. ನಾನು ಇನ್ನೊಂದು ಕೊಂಡೆ.

ಆದ್ದರಿಂದ ಗುರುವಾರ ರಾತ್ರಿ ದಡದ ಚೀಲದ ಬಾಯಿ ಕಟ್ಟುವ ಮೊದಲು ಒಮ್ಮೆ ಕೈ ಹಾಕಿ ಎಣಿಸಿ. ಟೋಪಿ ಎರಡಿರಲಿ. ಆಮೇಲೆ ಗಂಟು ಬಿಗಿಯಿರಿ, ದಡ ಮುಟ್ಟುವ ತನಕ ಬಿಚ್ಚಬೇಡಿ.

ನಿಮ್ಮೆಲ್ಲರಿಗೂ ಒಳ್ಳೆಯ ಗಾಳಿ ಸಿಗಲಿ.

ಪ್ರೀತಿಯಿಂದ,
ನಿಮಗಿಂತ ಕೆಲವು ವರ್ಷ ಮೊದಲು ಆ ವ್ಯಾನು ಹತ್ತಿದ ಒಬ್ಬ ಅಕ್ಕ